ಸೌಟು ಹಿಡಿದವನ ಪಾಲು

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಚಳಿಗಾಲ ಬಲಿತಾಗ ಕೆರೆ ಸರೋವರಗಳ ಮೇಲ್ಮೈ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ನೀರು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ ಆ ನೀರು ತಳಕ್ಕೆ ಇಳಿಯುತ್ತದೆ. ಅದಕ್ಕಿಂತ ತಣ್ಣಗಾದುದು ಮೇಲೆ ಉಳಿದು ಗಡ್ಡೆಯಾಗುತ್ತದೆ. ಮೇಲೆ ಮಂಜುಗಡ್ಡೆಯ ಚಪ್ಪರ, ಅದರ ಕೆಳಗೆ ಮೀನುಗಳ ಸಂಸಾರ. ಸ್ವಚ್ಛವಾದ ಹೊಸ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿದ್ದರೆ ಮನುಷ್ಯನು ಅದರ ಮೇಲೆ ನಡೆಯಬಹುದೆಂದು ಅಲ್ಲಿನ ಸರ್ಕಾರಿ ಇಲಾಖೆ ತಿಳಿಸುತ್ತದೆ. ಜನರು ಅದರ ಮೇಲೆ ಗುಡಾರ ಹೂಡಿ, ದೊಡ್ಡ ಬೈರಿಗೆಯಿಂದ 6, 8 ಅಥವಾ 10 ಅಂಗುಲ ಅಗಲದ ರಂಧ್ರ ಕೊರೆದು, ಗಾಳ ಇಳಿಬಿಟ್ಟು ಕುಳಿತುಕೊಳ್ಳುತ್ತಾರೆ. ಫಿನ್ಲೆಂಡಿನಲ್ಲಿಯೂ ಇದು ಬಹು ಜನಪ್ರಿಯವಾದ ರೂಢಿ. ಸರಳ ಗಾಳದಿಂದ ಹೀಗೆ ಮೀನು ಹಿಡಿಯುವುದು ಅಲ್ಲಿ ಶುಲ್ಕವಿಲ್ಲದೆ ಎಲ್ಲರಿಗೂ ದತ್ತವಾದ ಹಕ್ಕು.

ಬೈರಿಗೆ ತಿರುಗಿದಂತೆ ಕೊಬ್ಬರಿ ತುರಿಯಂತಹ ಮಂಜುಗಡ್ಡೆಯ ತುರಿ ಮೇಲೆ ಬಂದು ರಾಶಿಯಾಗುತ್ತದೆ. ತಳ ತೂತಾಗಿ ಬೈರಿಗೆಯನ್ನು ಮೇಲಕ್ಕೆಳೆದಾಗ ನೀರು ಉಕ್ಕಿ, ತುರಿಯೊಡನೆ ಕಲೆತು ಗಂಜಿಯಂತಹ ರಾಡಿಯಾಗಿ ರಂಧ್ರದ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಹಗುರವಾದ ಗಾಳ ಈ ರಾಡಿಯ ಮೇಲೆಯೇ ನಿಂತುಬಿಡುತ್ತದೆ; ದಾರಕ್ಕೆ ಹರಳುಗಳು ಅಂಟುತ್ತವೆ; ಮೀನಿನ ಇರವು ತಿಳಿಸುವ ಸೋನಾರ್ ಯಂತ್ರದ ಗ್ರಾಹಕವನ್ನು ಇಳಿಬಿಡಲು ಅಡ್ಡಿಯಾಗುತ್ತದೆ. ಅಷ್ಟೇ ಅಲ್ಲ, ನೀರಿನಲ್ಲಿ ಉಳಿದ ಒಂದೊಂದು ಹರಳೂ ಹೊಸ ಗಡ್ಡೆಗೆ ಬೀಜವಾಗಿ ರಂಧ್ರ ಬೇಗನೆ ಮತ್ತೆ ಹೆಪ್ಪುಗಟ್ಟುತ್ತದೆ. ಆದುದರಿಂದ ಎಣ್ಣೆಯಿಂದ ಪೂರಿ ಎತ್ತುವಂತಹ ತೂತಿನ ಸೌಟಿನಿಂದ ರಾಡಿಯನ್ನು ತೆಗೆಯುತ್ತಲೇ ಇರಬೇಕು. ಒಮ್ಮೆ ತೆಗೆದರೆ ಮುಗಿಯುವ ಕೆಲಸವಲ್ಲ. ಚಳಿ ತೀವ್ರವಾಗಿದ್ದರೆ ತುಸು ಹೊತ್ತಿನಲ್ಲಿಯೇ ಹಾಲಿನ ಕೆನೆಯಂತೆ ಪುನಃ ಪದರ ಕಟ್ಟುತ್ತದೆ.

ಉದ್ಯೋಗನಿಮಿತ್ತ ಆ ನಾಡಿನಲ್ಲಿ ನೆಲೆಸಿದ ಶ್ರಾವಕ ಕುಟುಂಬದ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಭಾನುವಾರ ಸಹೋದ್ಯೋಗಿಗಳು ಪ್ರೀತಿಯಿಂದ ಸರೋವರಕ್ಕೆ ಕರೆದೊಯ್ಯುತ್ತಾರೆ. ಅವನ ವ್ರತದ ಬಗ್ಗೆ ಅವರಿಗೆ ಗೌರವವಿದೆ. “ನೀವು ಮೀನು ಮುಟ್ಟುವುದು ಬೇಡ, ಗಾಳವನ್ನೂ ಹಿಡಿಯಬೇಡಿ, ಈ ರಾಡಿಯನ್ನಷ್ಟು ತೆಗೆಯುತ್ತಿರಿ” ಎಂದು ಸೌಟನ್ನು ಕೈಗಿಡುತ್ತಾರೆ. ಅವನು ತೆಗೆಯುವುದು ಮಂಜಿನ ತುರಿಯನ್ನು ಮಾತ್ರ. ಸಂಜೆ ಮನೆಗೆ ದೂರವಾಣಿ ಮಾಡಿ “ಅಮ್ಮಾ, ನಾನು ಮೀನು ಮುಟ್ಟಲಿಲ್ಲ” ಎಂದು ಹೇಳಿದರೆ ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹಾಗಾದರೆ ಆ ದಿನದ ಹಿಂಸೆಯಲ್ಲಿ ಅವನಿಗೆ ಪಾಲು ಉಂಟೋ ಇಲ್ಲವೋ?

ಇಲ್ಲವೆನ್ನಲು ಕಾರಣಗಳು ಸುಲಭವಾಗಿ ದೊರೆಯುತ್ತವೆ. ಅವನು ತೆಗೆಯದಿದ್ದರೆ ಇನ್ನೊಬ್ಬನು ತೆಗೆಯುತ್ತಿದ್ದನು, ಮೀನಂತೂ ಸಾಯುತ್ತಿತ್ತು. ಇದು ಲೋಕದಲ್ಲಿ ಬಹಳ ಹಳೆಯ ಸಮಾಧಾನ. ಇನ್ನೊಂದು ವಾದ ತುಸು ಚತುರವಾದದ್ದು: ರಂಧ್ರ ತೆರೆದಿದ್ದರೆ ಕೆಳಗಿನ ಮೀನುಗಳಿಗೆ ಗಾಳಿ ದೊರೆಯುತ್ತದೆ, ಆದ್ದರಿಂದ ಅದು ಉಪಕಾರವೇ ಎಂಬುದು. ಮಂಜುಗಡ್ಡೆಯ ಮೇಲೆ ಹಿಮ ದಟ್ಟವಾಗಿ ಬಿದ್ದಾಗ ಬೆಳಕು ಇಳಿಯದೆ, ಜಲಸಸ್ಯಗಳು ಆಮ್ಲಜನಕ ಉತ್ಪಾದಿಸದೆ ಆಳವಿಲ್ಲದ ಕೆರೆಗಳಲ್ಲಿ ಮೀನುಗಳು ರಾಶಿರಾಶಿಯಾಗಿ ಸಾಯುವುದು ನಿಜ. ಆದರೆ ಅದಕ್ಕೆ ಪರಿಹಾರವಾಗಿ ಯಂತ್ರಗಳಿಂದ ನೀರಿಗೆ ಗಾಳಿಯೂಡುತ್ತಾರೆ. ನೂರಾರು ಎಕರೆಯ ಸರೋವರದಲ್ಲಿ 8 ಅಂಗುಲದ ತೂತಿನಿಂದ ಆಗುವ ಪ್ರಯೋಜನ ಏನೂ ಇಲ್ಲ. ದಯೆಯ ಹೆಸರಿನಲ್ಲಿ ಹುಟ್ಟಿದ ನೆಪವನ್ನು ಇತರ ನೆಪಗಳಿಗಿಂತ ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಇಂತಹ ಸಂದರ್ಭಕ್ಕಾಗಿಯೇ ರಚಿತವಾದಂತಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಈ ಲೆಕ್ಕವನ್ನೇ ಹೇಳುವುದುಂಟು. ಕೊಲ್ಲಬೇಕೆಂಬ ಸಂಕಲ್ಪ ಸಂರಂಭ. ಕಾರ್ಯದಲ್ಲಿ ತೊಡಗುವುದು ಆರಂಭ. ಇವೆರಡರ ನಡುವೆ, ಬೇಕಾದ ಸಾಧನಗಳನ್ನು ಒದಗಿಸಿ ಸಿದ್ಧಪಡಿಸುವುದು ಸಮಾರಂಭ. ಕನ್ನಡದಲ್ಲಿ ಈ ಪದ ಮದುವೆ ಮುಂಜಿಗಳಿಗೆ ಸಂದು ತನ್ನ ಶಾಸ್ತ್ರಾರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ಸೌಟಿನಿಂದ ರಾಡಿ ತೆಗೆಯುವುದು ಯಾವ ವರ್ಗಕ್ಕೆ ಸೇರುತ್ತದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗಾಳ ನೀರಿಗಿಳಿಯುವ ದಾರಿಯನ್ನು ಸುಗಮಗೊಳಿಸುವುದೇ ಆ ಕ್ರಿಯೆಯ ಏಕೈಕ ಪ್ರಯೋಜನ. ಮಾಡಿದವನು ತಾನೇ, ಆದ್ದರಿಂದ ಅದು ಅನುಮತ ಮಾತ್ರವಲ್ಲ, ಸಮಾರಂಭದ ಮಟ್ಟಿಗೆ ಕೃತ. ಇನ್ನು ಕಷಾಯ ಯಾವುದು? ಮೀನಿನ ಲೋಭ ಅವನಿಗಿಲ್ಲ, ಕ್ರೋಧವೂ ಇಲ್ಲ. ಸ್ನೇಹಿತರ ನಡುವೆ ತಾನು ಬೇರೆಯವನಾಗಿ ಕಾಣಬಾರದೆಂಬ ಮಾನ ಉಂಟು. ತಾಯಿಗೆ ಹೇಳಿದ ಆ ಅಕ್ಷರಶಃ ನಿಜವಾದ ಮಾತಿನಲ್ಲಿ ಮಾಯೆಯೂ ಉಂಟು.

ಪಾಲು ಉಂಟೆಂದ ಮಾತ್ರಕ್ಕೆ ಎಲ್ಲರ ಪಾಲೂ ಸಮವಲ್ಲ. ವ್ಯಾಪಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಡಿಯ ದಲಾಲನು ಸರಕಿನ ಒಡೆಯನಲ್ಲ, ಲಾಭನಷ್ಟ ಅವನದಲ್ಲ. ಆದರೂ ಅವನ ಖಾತೆಗೆ ಜಮೆಯಾಗುವ ದಲಾಲಿ ಆ ಸರಕಿನ ಮಾರಾಟದಿಂದಲೇ ಬಂದದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು, ಅಂದರೆ ಹಿಂಸೆಯ ಉಪಕರಣಗಳನ್ನು ಇತರರಿಗೆ ಒದಗಿಸುವುದು. ಬಸದಿಯ ಟ್ರಸ್ಟುಗಳು ಮಳಿಗೆಗಳನ್ನು ಬಾಡಿಗೆಗೆ ಕೊಡುವಾಗ ಮದ್ಯಮಾಂಸ ಮಾರಕೂಡದೆಂದು ಕರಾರುಪತ್ರದಲ್ಲಿ ಬರೆಯುವುದು ಸುಲಭ. ಅದೇ ಮಳಿಗೆಯಲ್ಲಿ ಗಾಳ, ಬಲೆ, ಇಲಿಪಾಷಾಣ ಮಾರಿದರೆ ಏನೆಂಬ ಪ್ರಶ್ನೆ ಬಂದಾಗ ಸಭೆ ಬೇಗನೆ ಮುಂದಿನ ವಿಷಯಕ್ಕೆ ಸಾಗುತ್ತದೆ. ಸರೋವರದ ಮೇಲಿನ ಯುವಕನನ್ನು ತಿದ್ದಲು ಹೊರಡುವ ಹಿರಿಯರು ಈ ಬಾಡಿಗೆಯ ರಸೀತಿಗಳನ್ನೂ ಒಮ್ಮೆ ನೋಡುವುದು ಉಚಿತ.

ಮಂಜುಗಡ್ಡೆಯೂ ಜಲಕಾಯಿಕ ಜೀವಗಳ ಆಶ್ರಯವೇ ಅಲ್ಲವೇ ಎಂದು ಕೇಳಬಹುದು. ಹೌದು. ಗೃಹಸ್ಥನಿಗೆ ಏಕೇಂದ್ರಿಯ ಜೀವಗಳ ಹಿಂಸೆಯನ್ನು ಪೂರ್ಣವಾಗಿ ಬಿಡಲಾಗದು. ನಿಷ್ಪ್ರಯೋಜನವಾಗಿ ನೀರನ್ನು ಕಲಕುವುದನ್ನು ಸಮಂತಭದ್ರರು ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ.

ಹಿಡಿದ ಮೀನನ್ನು ಮರಳಿ ಬಿಡುವ ಪದ್ಧತಿ ಅಲ್ಲಿ ಸಾಕಷ್ಟಿದೆ. ಅದನ್ನು ಕೇಳಿದೊಡನೆ ಮೃಗಸೇನ ಧೀವರನ ಕಥೆ ನೆನಪಾಗುವುದು ಸಹಜ. ಕ್ರಿ.ಶ. 959ರಲ್ಲಿ ಸೋಮದೇವಸೂರಿಗಳು ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿ ಆ ಕಥೆ ಬರುತ್ತದೆ. ಬಲೆಗೆ ಬಿದ್ದ ಮೊದಲ ಮೀನನ್ನು ಬಿಟ್ಟುಬಿಡುವೆನೆಂದು ಮುನಿಗಳಲ್ಲಿ ವ್ರತ ಪಡೆದ ಬೆಸ್ತನಿಗೆ, ಗುರುತು ಕಟ್ಟಿ ಬಿಟ್ಟ ಅದೇ ಮೀನು ಐದು ಸಲ ಸಿಕ್ಕಿತು. ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಕದ ಮುಚ್ಚಿದಳು. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತನು. ಅವನು ಬಿಟ್ಟದ್ದು ತನ್ನ ಮನೆಯ ಅನ್ನವನ್ನು. ವಿನೋದಕ್ಕಾಗಿ ತುಟಿ ಹರಿದು, ಛಾಯಾಚಿತ್ರ ತೆಗೆದು ಬಿಡುವುದು ಬೇರೆಯೇ ಕಾರ್ಯ. ಶೂನ್ಯಕ್ಕಿಂತ ಬಹು ಕೆಳಗಿನ ಗಾಳಿಗೆ ಮೀನನ್ನು ಎತ್ತಿ ಹಿಡಿದರೆ ಅದರ ಕಿವಿರಿನ ಎಳೆಗಳೂ ಕಣ್ಣುಗಳೂ ಬಹುಬೇಗ ಹೆಪ್ಪುಗಟ್ಟಬಹುದು. ಬಿಟ್ಟ ಮೀನೆಲ್ಲ ಬದುಕುತ್ತದೆಂಬ ಭರವಸೆಯಿಲ್ಲ.

ಆದರೂ ಆತಿಥೇಯರನ್ನು ದೂಷಿಸುವುದು ಯುವಕನ ಕೆಲಸವಲ್ಲ. ಬೆಳೆಯೇ ಬಾರದ ಉತ್ತರಧ್ರುವ ಪ್ರದೇಶದಲ್ಲಿ ಇನ್ಯೂಟ್ ಜನರು ಮಂಜುಗಡ್ಡೆ ತೂತು ಮಾಡಿ ಹಿಡಿದ ಮೀನಿನಿಂದ ತಲೆಮಾರುಗಳ ಕಾಲ ಮಕ್ಕಳನ್ನು ಸಾಕಿದ್ದಾರೆ. ಅಂತಹವರ ಹಸಿವನ್ನು ಗೋಧಿ ತೊಗರಿ ಬೆಳೆಯುವ ನಾಡಿನ ತಕ್ಕಡಿಯಲ್ಲಿ ತೂಗಲಾಗದು. ವ್ರತ ಯುವಕನದು; ಅದರ ವೆಚ್ಚವೂ ಅವನದೇ. “ಸೌಟು ಕೂಡ ನನ್ನಿಂದಾಗದು, ಚಹಾ ಕಾಯಿಸಿ ಕೊಡುತ್ತೇನೆ” ಎಂದು ಬೆಳಿಗ್ಗೆಯೇ ಹೇಳಿದರೆ ಒಂದು ಗಳಿಗೆ ಇರಿಸುಮುರಿಸಾಗಬಹುದು. ಹೋಗದೆಯೇ ಇದ್ದರೆ ಇನ್ನೂ ಸರಳ, ಆದರೆ ಸ್ನೇಹಕ್ಕೆ ನಷ್ಟ.

ಸಂಜೆ ಗಾಳ ಸುತ್ತಿಟ್ಟ ಮೇಲೆ ಅವನು ನಿಸ್ಸಂಕೋಚವಾಗಿ ಮಾಡಬಹುದಾದ ಕೆಲಸವೊಂದಿದೆ. ತೆರೆದುಬಿಟ್ಟ ರಂಧ್ರದ ಮೇಲೆ ರಾತ್ರಿ ತೆಳುವಾದ ಪೊರೆ ಕಟ್ಟಿ, ಮೇಲೆ ಹಿಮ ಬಿದ್ದರೆ ಅದು ಕಾಣುವುದಿಲ್ಲ. ಮರುದಿನ ಓಡಾಡುವ ಮಗುವಿನ ಕಾಲು ಮೊಣಕಾಲವರೆಗೆ ಇಳಿಯಬಹುದು, ನಾಯಿಯ ಕಾಲು ಮುರಿಯಬಹುದು. ಬದಿಯಲ್ಲಿ ರಾಶಿಯಾದ ಅದೇ ತುರಿಯನ್ನು ಮರಳಿ ರಂಧ್ರಕ್ಕೆ ತುಂಬಿ, ಮೇಲೆ ಎದ್ದು ಕಾಣುವಂತೆ ಮರದ ಕೊಂಬೆಯೊಂದನ್ನು ನೆಟ್ಟು ಬರಬೇಕು. ಮನೆಗೆ ಹೊರಡುವ ಆತುರದಲ್ಲಿ ಇತರರು ಮರೆಯುವುದು ಸಾಮಾನ್ಯವಾಗಿ ಇದನ್ನೇ.