ಹೆರಿಗೆಯ ಮಾತು ಯಾರದು?

ಹೆರುವವಳು ತಾಯಿ, ಹೆರಿಗೆ ಹೇಗಾಗಬೇಕೆಂಬ ತೀರ್ಮಾನ ಮಾತ್ರ ಉಳಿದವರೆಲ್ಲರದು. ಇದು ನ್ಯಾಯವೇ ಎಂದು ಹೆಂಗಸರೇ ಈಗ ಕೇಳತೊಡಗಿದ್ದಾರೆ. ಪ್ರತಿ ಆಸ್ಪತ್ರೆಯೂ ತನ್ನಲ್ಲಾದ ಸಿಸೇರಿಯನ್ ಹೆರಿಗೆಗಳ ಲೆಕ್ಕವನ್ನು ಬಹಿರಂಗಪಡಿಸಲಿ ಎಂದು 2017ರಲ್ಲಿ ಮುಂಬಯಿಯ ಸುಬರ್ಣಾ ಘೋಷ್ ಮನವಿ ಹೊರಡಿಸಿದರು. ಸಾವಿರಾರು ಜನ ಸಹಿ ಹಾಕಿದರು. ಅದೇ ವರ್ಷ ಸಿ.ಜಿ.ಎಚ್.ಎಸ್. ಪಟ್ಟಿಯಲ್ಲಿರುವ ಆಸ್ಪತ್ರೆಗಳು, ಅಂದರೆ ನಮ್ಮಂಥ ಕೇಂದ್ರ ಸರ್ಕಾರದ ಗುಮಾಸ್ತರು ಕಾರ್ಡು ಹಿಡಿದು ಹೋಗುವ ಆಸ್ಪತ್ರೆಗಳು, ಆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ಆದೇಶವಾಯಿತು.

ಲೆಕ್ಕ ಕೇಳುವುದಕ್ಕೆ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14ರಷ್ಟು ಹೆರಿಗೆಗಳು ಸಿಸೇರಿಯನ್, ಖಾಸಗಿಯಲ್ಲಿ ಶೇ. 47. ಎರಡೂ ಕಡೆ ಬರುವ ಬಸುರಿಯರು ಒಂದೇ ತರದವರಲ್ಲ, ನಿಜ. ಆದರೂ ಮೂರು ಪಟ್ಟಿಗೂ ಮಿಕ್ಕ ಈ ಅಂತರವನ್ನು ದೇಹಶಾಸ್ತ್ರ ಒಂದೇ ವಿವರಿಸಲಾರದು.

ಹಾಗೆಂದು ಆಸ್ಪತ್ರೆ ಬೇಡವೆನ್ನಲಾದೀತೇ? ಪಾವಗಡದ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಹೆಸರು ಹೇಳಿ ಹಿಂದಿನ ಕಾಲವನ್ನು ಹೊಗಳುವವರಿದ್ದಾರೆ. ಆ ಕಾಲದಲ್ಲಿ ಹೆರಿಗೆಮನೆಯಿಂದ ಹೊರಬಾರದೇ ಹೋದ ತಾಯಂದಿರನ್ನು ಇವರು ಎಣಿಸುವುದಿಲ್ಲ. 2004–06ರಲ್ಲಿ ಲಕ್ಷ ಜನನಕ್ಕೆ 254 ಇದ್ದ ತಾಯಂದಿರ ಸಾವು 2018–20ರಲ್ಲಿ 97ಕ್ಕೆ ಇಳಿದಿದೆ. ಇದರಲ್ಲಿ ಆಸ್ಪತ್ರೆಯ ಹೆರಿಗೆಯ ಪಾಲು ದೊಡ್ಡದು.

ಹೆಂಗಸರು ಕೇಳುತ್ತಿರುವುದು ಬೇರೆ. ನೋವಿನಲ್ಲಿ ಓಡಾಡಲು ಬಿಡಿ, ವಿನಾಕಾರಣ ಅವಸರ ಮಾಡಬೇಡಿ, ನಮ್ಮವರೊಬ್ಬರು ಹತ್ತಿರವಿರಲಿ, ಏನು ಮಾಡುತ್ತೀರೆಂದು ನಮಗೇ ಹೇಳಿ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆಗಳಲ್ಲೂ ಇವೇ ಇವೆ. ಗರ್ಭದ್ವಾರ ಗಂಟೆಗೊಂದು ಸೆಂಟಿಮೀಟರಿನಂತೆ ತೆರೆಯಲೇಬೇಕೆಂಬ ಹಳೆಯ ಅಳತೆ ಎಲ್ಲ ತಾಯಂದಿರಿಗೂ ಹೊಂದದೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ.

ಧನಕವಡಿಯ ನಮ್ಮ ಸೊಸೆಯಂದಿರಿಗೆ ಇದು ಇನ್ನೂ ಕಠಿಣ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿ ನೌಕರಿಯ ದೆಸೆಯಿಂದ ಸಡಿಲವಾಗಿದೆ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಹುಡುಗಿ ಇಲ್ಲಿಯ ಹೆರಿಗೆ ಕೋಣೆಯಲ್ಲಿರುತ್ತಾಳೆ. ದಾದಿ 'ಕಳಾ' ಬರುತ್ತಿವೆಯೇ ಎಂದು ಮರಾಠಿಯಲ್ಲಿ ಕೇಳಿದರೆ ಅದು ಹೆರಿಗೆನೋವು ಎಂದು ಇವಳಿಗೆ ಹೊಳೆಯುವುದಿಲ್ಲ. ಕನ್ನಡದ ಕಿವಿಗೆ ಅದು ಮುಖದ ಕಳೆ! ಉತ್ತರ ಬಾರದಿದ್ದರೆ ಹುಡುಗಿ ಹಟಮಾರಿ ಎನಿಸಿಕೊಳ್ಳುತ್ತಾಳೆ. ಕಾಗದ ಹೊರಗೆ ಬರುತ್ತದೆ, ಗಂಡ ಸಹಿ ಹಾಕುತ್ತಾನೆ.

ಆ ಸಹಿಯ ಬೆಲೆಯೆಷ್ಟು? ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಒಪ್ಪಿದಳೆಂದು ವೈದ್ಯರು ಗರ್ಭಕೋಶ ತೆಗೆದ ಮೊಕದ್ದಮೆಯಲ್ಲಿ, ಪ್ರಾಣಾಪಾಯವಿಲ್ಲದಾಗ ಆ ಒಪ್ಪಿಗೆ ಸಲ್ಲದೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿತು. ಹೆತ್ತ ತಾಯಿಯ ಮಾತೇ ಸಾಲದಾದಾಗ ಗಂಡನ ಸಹಿಯನ್ನು ಯಾವ ಲೆಕ್ಕಕ್ಕೆ ಹಿಡಿಯುವುದು?

ಸರ್ಕಾರಿ ಆಸ್ಪತ್ರೆಗಳಿಗಾಗಿ 2017ರಲ್ಲಿ ಬಂದ 'ಲಕ್ಷ್ಯ' ಯೋಜನೆಯಲ್ಲಿ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬಳಿಗೆ ಅವಕಾಶವಿದೆ. ಖಾಸಗಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಬಡಾವಣೆಯಲ್ಲಿ ಮರಾಠಿ ಬಲ್ಲ, ಎರಡು ಮೂರು ಹೆತ್ತ ಅಕ್ಕಂದಿರಿಗೆ ಬರವಿಲ್ಲ. ಏಳನೆಯ ತಿಂಗಳಲ್ಲೇ ಅವರಲ್ಲೊಬ್ಬರು ಬಸುರಿಯ ಜೊತೆ ಡಾಕ್ಟರರನ್ನು ಕಂಡು ಬರಲಿ. ಪ್ರಶ್ನೆಯನ್ನು ಮಾತ್ರ ಹುಡುಗಿಯೇ ಕೇಳಲಿ, ಕನ್ನಡದಲ್ಲಾದರೂ ಸರಿ.