ಒಮ್ಮತ ಬೇರೆ, ಒಮ್ಮನ ಬೇರೆ

ಆಂಧ್ರಪ್ರದೇಶ 2024ರ ಮೇ 13, ಸೋಮವಾರ ಮತ ಹಾಕಿತು. ವಿಧಾನಸಭೆ, ಲೋಕಸಭೆ ಎರಡಕ್ಕೂ ಒಂದೇ ದಿನ. ಎಣಿಕೆ ಜೂನ್ 4ಕ್ಕೆ. ನಡುವೆ ಮೂರು ಭಾನುವಾರ. ಮೊದಲನೆಯದು ಮೇ 19, ಕ್ರೈಸ್ತರಿಗೆ ಪಂಚಾಶತ್ತಮ ದಿನ: ಈಸ್ಟರ್ ಕಳೆದ ಏಳು ವಾರಕ್ಕೆ ಬರುವ, ಸಭೆಯ ಹುಟ್ಟುಹಬ್ಬವೆಂದು ಎಣಿಸುವ ಹಬ್ಬ. ಹಾಗಾಗಿ ಕಲ್ಯಾಣದುರ್ಗ, ಹಿಂದೂಪುರದ ಗಡಿಸೀಮೆಯ ಕ್ರೈಸ್ತರು ಆ ವರ್ಷ ಹಬ್ಬದ ಆರಾಧನೆಗೆ ಬಂದದ್ದು ಎಡಗೈ ತೋರುಬೆರಳಿನ ಕಪ್ಪು ಗೀಟಿನೊಂದಿಗೇ. ಆ ಶಾಯಿ ನಮ್ಮ ಮೈಸೂರಿನದು. 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಶಾಯಿ ಹೋಗುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತದೆ. ಸೋಪಿಗಾಗಲಿ ಸೀಗೆಪುಡಿಗಾಗಲಿ ಜಗ್ಗುವುದಿಲ್ಲ.

ಈ ಸೀಮೆಯಲ್ಲೂ ಇರುವ ದಕ್ಷಿಣ ಭಾರತ ಸಭೆ, ಎಂದರೆ ಎಲ್ಲರ ಬಾಯಲ್ಲಿರುವ ಸಿಎಸ್‌ಐ, 1950ರಲ್ಲಿ ಪ್ರಭುಭೋಜನದ ಆರಾಧನೆಗೆ ತನ್ನದೇ ಕ್ರಮವೊಂದನ್ನು ರೂಪಿಸಿಕೊಂಡಿತು. ಕೇರಳದ ಸಿರಿಯನ್ ಕ್ರೈಸ್ತರಿಂದ ಒಂದು ಹಳೆಯ ರೂಢಿಯನ್ನು ಅದರೊಳಗೆ ತಂದಿತು: ರೊಟ್ಟಿಗೂ ಪಾತ್ರೆಗೂ ಕೈಚಾಚುವ ಮೊದಲು ಒಬ್ಬರಿಗೊಬ್ಬರು ಸಮಾಧಾನ ಹಂಚುವುದು. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಕೂಡಿಸುತ್ತಾರೆ. ಇಬ್ಬರ ಎಡಗೈಯೂ ಎದುರಿನವರ ಬಲಗೈಯನ್ನು ಮೇಲಿಂದ ಮುಚ್ಚುತ್ತದೆ. ಹೀಗೆ ಮೇಜಿನಿಂದ ಹೊರಟದ್ದು ಕೈಯಿಂದ ಕೈಗೆ ಕೊನೆಯ ಸಾಲಿನವರೆಗೂ ಹೋಗುತ್ತದೆ. ಪಕ್ಕದಲ್ಲಿ ಯಾರು ಕೂತಿದ್ದಾರೋ ಅವರಿಗೇ ಕೊಡಬೇಕು, ಆರಿಸಿಕೊಳ್ಳುವಂತಿಲ್ಲ. ಮತ ಹಾಕಿದ ವಾರದಲ್ಲಿ ಇದು ನಡೆದರೆ, ನನ್ನ ಶಾಯಿಯ ಬೆರಳು ಎದುರು ಪಕ್ಷಕ್ಕೆ ಒತ್ತಿ ಬಂದವರ ಕೈ ಮೇಲೆ ಕೂರುತ್ತದೆ, ಅವರದು ನನ್ನ ಕೈ ಮೇಲೆ.

ಆ ಕೈಗಳ ಜೊತೆಗೆ ಇನ್ನೇನು ಕೂಡಿತು? ಅಭಿಪ್ರಾಯವಂತೂ ಅಲ್ಲ. ಹೊರಗೆ ಹೋಗಿ ಚಹಾ ಕುಡಿಯುವಷ್ಟರಲ್ಲಿ ಇಬ್ಬರೂ ಮತ್ತೆ ವಾದಕ್ಕೆ ನಿಲ್ಲಬಹುದು. ಹಾಗಾದರೆ ‘ಐಕ್ಯ’ ಎಂದು ಕರೆಯುವುದು ಏನನ್ನು?

ನಮ್ಮ ಭಾಷೆಯೇ ಇಲ್ಲಿ ಸ್ವಲ್ಪ ತೊಡಕು ಮಾಡಿಟ್ಟಿದೆ. ಕನ್ನಡದಲ್ಲಿ ‘ಮತ’ ಎಂದರೆ ಅಭಿಪ್ರಾಯ, ಮತ ಎಂದರೆ ಓಟು, ಮತ ಎಂದರೆ ಧರ್ಮ. ಕಲ್ಯಾಣದುರ್ಗದ ತೆಲುಗಿನವರಿಗೆ ಈ ಪೇಚಿಲ್ಲ. ಅವರ ‘ಮತಂ’ ಧರ್ಮವೊಂದೇ, ಓಟಿಗೆ ಅವರು ಓಟು ಎಂದೇ ಅನ್ನುತ್ತಾರೆ. ನಾವು ಮೂರನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೇವೆ. ಒಂದೇ ಮತದವರು ಅಂದಮೇಲೆ ಒಂದೇ ಮತ ಇರಬೇಕು, ಒಂದೇ ಕಡೆ ಮತ ಬೀಳಬೇಕು ಎಂಬ ಲೆಕ್ಕ ಹುಟ್ಟುವುದು ಈ ಗೂಟದಲ್ಲೇ. ಈ ಐಕ್ಯಕ್ಕೆ ನಮ್ಮಲ್ಲಿರುವ ಹೆಸರು ‘ಒಮ್ಮತ’. ಅದರ ಪಕ್ಕದಲ್ಲೇ ಇನ್ನೊಂದು ಪದ ಬಳಕೆ ತಪ್ಪಿ ಕೂತಿದೆ: ‘ಒಮ್ಮನ’.

ಗ್ರೀಕರ ಒಂದು ಪರಿಕಲ್ಪನೆಯನ್ನು ಕನ್ನಡಕ್ಕೆ ತರಲು ಈ ಎರಡನೆಯ ಪದವನ್ನು ಬಿಟ್ಟರೆ ಬೇರೆ ಇಲ್ಲ. ಅವರ ಮಾತಿನಲ್ಲಿ ಅದು ‘ಹೊಮೊನೊಯಾ’. ಒಡೆದು ನೋಡಿದರೆ ‘ಒಂದೇ’ ಮತ್ತು ‘ಮನಸ್ಸು’. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಒಂಬತ್ತನೆಯ ಭಾಗದಲ್ಲಿ ಇದರ ಬಗ್ಗೆ ಒಂದು ಸಣ್ಣ ಅಧ್ಯಾಯ ಬರೆದಿದ್ದಾನೆ. ಅವನು ಮೊದಲು ಮಾಡುವ ಕೆಲಸ ಒಮ್ಮತವನ್ನು ಆಚೆಗಿಡುವುದು. ಆಕಾಶದ ಗ್ರಹನಕ್ಷತ್ರಗಳ ಬಗ್ಗೆ ಇಬ್ಬರದೂ ಒಂದೇ ಅಭಿಪ್ರಾಯವಾದರೆ ಅವರು ಒಮ್ಮನದವರಾಗಲಿಲ್ಲ. ಪರಿಚಯವೇ ಇಲ್ಲದವರಿಗೂ ಒಂದೇ ಅಭಿಪ್ರಾಯ ಇರಬಹುದು. ಒಮ್ಮನ ಇರುವುದು ಮಾಡಬೇಕಾದ ಕೆಲಸದಲ್ಲಿ, ಅದರಲ್ಲೂ ಎಲ್ಲರಿಗೂ ಸೇರಿದ ದೊಡ್ಡ ಕೆಲಸದಲ್ಲಿ. ಇದಕ್ಕೆ ಅವನು ಕೊಡುವ ಉದಾಹರಣೆಗಳಲ್ಲಿ ಒಂದು ನಮಗೆ ಹೇಳಿಮಾಡಿಸಿದಂತಿದೆ: ಅಧಿಕಾರದ ಹುದ್ದೆಗಳನ್ನು ಆಯ್ಕೆಯಿಂದಲೇ ತುಂಬಬೇಕು ಎಂದು ಊರಿನವರೆಲ್ಲ ಒಪ್ಪುವುದು. ಯಾರನ್ನು ಆರಿಸಬೇಕು ಎಂಬಲ್ಲಿ ಜಗಳವಿರಲಿ. ಆರಿಸಬೇಕು ಎಂಬಲ್ಲಿ ಮನಸ್ಸು ಒಂದೇ. ಆ ಲೆಕ್ಕದಲ್ಲಿ ಮೇ ತಿಂಗಳ ಬಿಸಿಲಲ್ಲಿ ಒಂದೇ ಸರತಿ ಸಾಲಿನಲ್ಲಿ ನಿಂತ ಎರಡು ಪಕ್ಷದವರು ಆಗಲೇ ಅರ್ಧ ಒಮ್ಮನದವರು. ಶಾಯಿಗೆ ಪಕ್ಷದ ಬಣ್ಣವಿಲ್ಲವಲ್ಲ.

ಒಮ್ಮನ ಯಾರಿಗೆ ಒಲಿಯುವುದಿಲ್ಲ ಎಂಬುದನ್ನೂ ಅರಿಸ್ಟಾಟಲ್ ಹೇಳುತ್ತಾನೆ. ಲಾಭ ಹಂಚುವಾಗ ತನ್ನ ಪಾಲು ದೊಡ್ಡದಿರಲಿ, ದುಡಿಮೆ ಹಂಚುವಾಗ ಚಿಕ್ಕದಿರಲಿ ಎನ್ನುವವರಿಗೆ. ಅಂಥವರು ಪಕ್ಕದವನ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ, ನಡುವಿನ ಆಸ್ತಿ ಹಾಳಾಗುತ್ತದೆ. ಸಭೆಯ ಆಡಳಿತ ನೋಡುವ ಯಾವುದಾದರೂ ಪಾಸ್ಟರೇಟ್ ಕಮಿಟಿಯ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವಸ್ಥಾನದ ಟ್ರಸ್ಟ್ ನೋಡಿದವರಿಗೂ.

2024ರ ಚುನಾವಣೆ ಆಂಧ್ರದ ಸಭೆಗಳ ಒಳಗೆ ಹೇಗೆ ಹೊಕ್ಕಿತ್ತು ಎಂಬುದನ್ನು ನೆನೆಯಬೇಕು. ಪಾಸ್ಟರುಗಳಿಗೆ ತಿಂಗಳಿಗೆ 5,000 ರೂಪಾಯಿಯ ಸರ್ಕಾರಿ ಗೌರವಧನ ಬಂದ ಮೇಲೆ ಪೀಠಕ್ಕೂ ಮತಪೆಟ್ಟಿಗೆಗೂ ನಡುವಿನ ದೂರ ಕಡಿಮೆಯಾಗಿತ್ತು. ಆಗಿನ ಮುಖ್ಯಮಂತ್ರಿ ಜಗನ್ಮೋಹನ ರೆಡ್ಡಿ ಕ್ರೈಸ್ತ ಕುಟುಂಬದವರು, ‘ನಮ್ಮವರು’ ಎನ್ನುವವರು ಬೇಕಾದಷ್ಟಿದ್ದರು. ಆದರೆ ಅವರ ತಂಗಿ ಶರ್ಮಿಳಾ ಅದೇ ಚುನಾವಣೆಯಲ್ಲಿ ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷೆಯಾಗಿ, ಕಡಪದಿಂದ ಲೋಕಸಭೆಗೆ ನಿಂತು ಸೋತರು. ಒಂದೇ ಮನೆಯ ಅಣ್ಣತಂಗಿಯೇ ಎದುರಾಬದುರಾದಾಗ ನಮ್ಮವರು ಯಾರು? ಮತದಾನದ ಮರುದಿನಗಳಲ್ಲಿ ತಾಡಿಪತ್ರಿಯಲ್ಲಿ ಕಲ್ಲು ತೂರಾಟವಾಗಿ, ಚುನಾವಣಾ ಆಯೋಗ ಅನಂತಪುರದ ಎಸ್ಪಿಯನ್ನು ಅಮಾನತು ಮಾಡಿಸಿತು. ಎಣಿಕೆಯಾದಾಗ 2019ರಲ್ಲಿ 151 ಸ್ಥಾನ ಗೆದ್ದಿದ್ದ ಜಗನ್ಮೋಹನರ ವೈಎಸ್‌ಆರ್ ಕಾಂಗ್ರೆಸ್ 11ಕ್ಕೆ ಇಳಿದಿತ್ತು.

ಕಲ್ಯಾಣದುರ್ಗಕ್ಕೂ ಹಿಂದೂಪುರಕ್ಕೂ ಇಲ್ಲೊಂದು ಸ್ವಾರಸ್ಯದ ವ್ಯತ್ಯಾಸವಿದೆ. ಹಿಂದೂಪುರ 1983ರಿಂದ ತೆಲುಗುದೇಶವನ್ನು ಬಿಟ್ಟುಕೊಟ್ಟಿಲ್ಲ. ಕಲ್ಯಾಣದುರ್ಗ 2009ರಲ್ಲಿ ಕಾಂಗ್ರೆಸ್, 2014ರಲ್ಲಿ ತೆಲುಗುದೇಶ, 2019ರಲ್ಲಿ ವೈಎಸ್‌ಆರ್ ಕಾಂಗ್ರೆಸ್, 2024ರಲ್ಲಿ ಮತ್ತೆ ತೆಲುಗುದೇಶ ಎಂದು ಪ್ರತಿ ಸಲವೂ ಮಗ್ಗುಲು ಬದಲಿಸಿದೆ. ಅಲ್ಲಿ ಸೋಲಿನ ರುಚಿ ಕಾಣದ ಪಕ್ಷವೇ ಇಲ್ಲ. ಒಮ್ಮನ ಕಲಿಯಲು ಇಂಥ ಊರೇ ಒಳ್ಳೆಯದು ಎಂದು ನನ್ನ ಅನಿಸಿಕೆ. ಸೋತು ಗೊತ್ತಿರುವವರು ಗೆದ್ದಾಗ ಪಟಾಕಿಯನ್ನು ಸ್ವಲ್ಪ ದೂರದಲ್ಲಿ ಹಚ್ಚುತ್ತಾರೆ.

ಸಭೆಯೊಳಗಿನ ಬಣಗಳು ಸಭೆಯಷ್ಟೇ ಹಳೆಯವು. ಕ್ರಿ.ಶ. 55ರ ಆಸುಪಾಸಿನಲ್ಲಿ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಪತ್ರ ಬರೆದದ್ದೇ ಅದಕ್ಕೆ: ಒಬ್ಬ ನಾನು ಪೌಲನ ಕಡೆ ಅಂದ, ಇನ್ನೊಬ್ಬ ಅಪೊಲ್ಲೋಸನ ಕಡೆ, ಮತ್ತೊಬ್ಬ ಕೇಫನ ಕಡೆ. ಉತ್ತರವಾಗಿ ಅವನು ಬಿಡಿಸಿದ ಚಿತ್ರ ಒಂದು ದೇಹದ್ದು. ಈ ಚಿತ್ರ ಅವನಿಗಿಂತ ಹಳೆಯದು. ಕ್ರಿ.ಪೂ. 494ರಲ್ಲಿ ರೋಮಿನ ಬಡಜನ ಸಾಲದ ಕಾಟಕ್ಕೆ ರೋಸಿ ಊರು ಬಿಟ್ಟು ಗುಡ್ಡ ಹತ್ತಿ ಕೂತಾಗ, ಮೆನೇನಿಯಸ್ ಅಗ್ರಿಪ್ಪ ಎಂಬವನು ಹೋಗಿ ಒಂದು ಕಥೆ ಹೇಳಿದನಂತೆ: ಕೈಕಾಲು ಬಾಯಿಗಳೆಲ್ಲ ಹೊಟ್ಟೆಯ ಮೇಲೆ ಮುಷ್ಕರ ಹೂಡಿದವು, ಕೊನೆಗೆ ತಾವೇ ಸೊರಗಿದವು. ಎಂದರೆ, ಹೊಟ್ಟೆ ಉಣ್ಣಲಿ, ನೀವು ದುಡಿಯಿರಿ. ಜನ ಇಳಿದು ಬಂದರು. ಕಥೆಗೆ ಮರುಳಾಗಿ ಬಂದರೋ, ತಮ್ಮ ಪರವಾಗಿ ಮಾತಾಡಲು ಟ್ರಿಬ್ಯೂನ್ ಎಂಬ ಹುದ್ದೆ ಸಿಕ್ಕಿತೆಂದು ಬಂದರೋ. ನನಗೆ ನಂಬುವಂತಿರುವುದು ಎರಡನೆಯದೇ.

ಪೌಲ ಅದೇ ದೇಹವನ್ನು ತಲೆಕೆಳಗು ಮಾಡಿದ. ಬಲಹೀನವಾಗಿ ಕಾಣುವ ಅಂಗವೇ ಹೆಚ್ಚು ಅಗತ್ಯದ್ದು, ಮಾನ ಕಡಿಮೆಯಿರುವ ಅಂಗಕ್ಕೇ ಹೆಚ್ಚು ಮಾನ ಸಲ್ಲಬೇಕು ಎಂದ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಮುಗಿಸುತ್ತಿದ್ದರು, ಬಡವರು ಹಸಿದುಕೊಂಡೇ ಕೂರುತ್ತಿದ್ದರು ಎಂದು ಗದರಿದ್ದೂ ಅದೇ ಪತ್ರದಲ್ಲಿ. ಐಕ್ಯದ ಮಾತು ಕೇಳಿದಾಗಲೆಲ್ಲ ಇದನ್ನು ಒರೆಗಲ್ಲಾಗಿ ಇಟ್ಟುಕೊಳ್ಳಬಹುದು: ಇದು ಮೆನೇನಿಯಸ್ ಹೇಳುತ್ತಿರುವ ಐಕ್ಯವೋ, ಪೌಲನದೋ? ರಾಯಲಸೀಮೆಯ ಕ್ರೈಸ್ತರಲ್ಲಿ ಹೆಚ್ಚಿನವರು ಮಾಲ, ಮಾದಿಗ ಕೇರಿಗಳವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಅಂಥವರಿಗೆ ಚುನಾವಣೆ ಎಂದರೆ ಟಿವಿ ಚರ್ಚೆಯಲ್ಲ. ಪಿಂಚಣಿ, ಮನೆ ಪಟ್ಟಾ, ಮಕ್ಕಳ ಫೀಸು. ‘ರಾಜಕೀಯವನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಬನ್ನಿ’ ಎಂದು ಅವರಿಗೆ ಹೇಳುವುದು ಸುಲಭ. ಹಾಗೆ ಹೇಳುವವರ ಪಿಂಚಣಿ ಸಾಮಾನ್ಯವಾಗಿ ಭದ್ರವಾಗಿರುತ್ತದೆ.

ಪೌಲನ ನಂತರವೂ ಕೊರಿಂಥ ಸುಧಾರಿಸಲಿಲ್ಲ. ಸುಮಾರು ಕ್ರಿ.ಶ. 96ರಲ್ಲಿ ಅಲ್ಲಿಯ ಸಭೆ ತನ್ನ ಹಿರಿಯರನ್ನು ಹುದ್ದೆಯಿಂದ ಇಳಿಸಿಬಿಟ್ಟಿತು. ರೋಮಿನ ಸಭೆಯಿಂದ ಕ್ಲೆಮೆಂಟನ ಹೆಸರಿನ ಉದ್ದನೆಯ ಪತ್ರ ಬಂತು. ಹೊಮೊನೊಯಾ ಎಂಬ ಪದ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಗಲಾಟೆಗೆ ಕಾರಣರಾದವರು ದೊಡ್ಡಮನಸ್ಸು ಮಾಡಿ ತಾವೇ ಊರು ಬಿಟ್ಟು ಹೋಗಲಿ ಎಂಬುದೂ ಅದರ ಒಂದು ಸಲಹೆ. ಒಮ್ಮನದ ಹೆಸರಿನಲ್ಲಿ ಒಮ್ಮತ ಒಳನುಗ್ಗುವುದು ಹೀಗೆಯೇ. ಭಿನ್ನವಾಗಿರುವವರನ್ನು ಸಾಗಹಾಕಿದ ಮೇಲೆ ಉಳಿದವರಲ್ಲಿ ಒಮ್ಮತ ಬಾರದೆ ಏನು ಮಾಡೀತು?

ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಸ್ವಾತಂತ್ರ್ಯ ಬಂದು ಆರು ವಾರಕ್ಕೆ. ದೇಶ ಎರಡಾದ ಆ ದಿನಗಳಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಕಾಂಗ್ರಿಗೇಶನಲ್ ಮತ್ತು ಪ್ರೆಸ್ಬಿಟೇರಿಯನ್ ಪರಂಪರೆಯವರು ಒಂದಾದರು. ಅನಂತಪುರ, ಗುತ್ತಿ, ಬಳ್ಳಾರಿ ಕಡೆಯ ಹಳೆಯ ಲಂಡನ್ ಮಿಷನ್ನಿನ ಸಭೆಗಳೂ ಇದರೊಳಗೆ ಬಂದವು. ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಇಪ್ಪತ್ತೆಂಟು ವರ್ಷ ಅವರು ಕಾದಾಡಿದ್ದು ಬಿಷಪ್ ಬೇಕೇ, ಬೇಕಾದರೆ ಯಾವ ಅಧಿಕಾರದ ಬಿಷಪ್, ಹಿಂದೆ ಬಿಷಪರಿಲ್ಲದೆ ದೀಕ್ಷೆ ಪಡೆದವರಿಗೆ ಮತ್ತೆ ದೀಕ್ಷೆ ಕೊಡಬೇಕೇ ಎಂಬ ಪ್ರಶ್ನೆಗಳಿಗಾಗಿ. ಕೊನೆಗೂ ಎಲ್ಲದಕ್ಕೂ ಉತ್ತರ ಸಿಗಲಿಲ್ಲ. ಸಿಗುವವರೆಗೂ ಕಾಯುವುದಿಲ್ಲ ಎಂಬ ತೀರ್ಮಾನ ಸಿಕ್ಕಿತು. ಇದ್ದವರೆಲ್ಲರ ದೀಕ್ಷೆಯನ್ನೂ ಒಪ್ಪಿ, ಒಟ್ಟಿಗೆ ಬೆಳೆಯಲು ಮೂವತ್ತು ವರ್ಷದ ಅವಧಿ ಇಟ್ಟುಕೊಂಡರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾಲಕರನ್ನಾಗಲಿ ಆರಾಧನೆಯನ್ನಾಗಲಿ ಹೇರುವುದಿಲ್ಲ ಎಂದು ಮಾತು ಕೊಟ್ಟರು.

ಆದರೂ ನಂದ್ಯಾಲ ಸೇರಲಿಲ್ಲ. ರಾಯಲಸೀಮೆಯಲ್ಲೇ ಇರುವ ನಂದ್ಯಾಲ ಭಾಗದ ಆಂಗ್ಲಿಕನ್ನರಲ್ಲಿ ದೊಡ್ಡ ಪಾಲು 1947ರಲ್ಲಿ ಹೊರಗೇ ಉಳಿಯಿತು. ಕ್ಲೆಮೆಂಟನ ಕಾಲವಾಗಿದ್ದರೆ ಅದೊಂದು ದಂಗೆ. ಇಲ್ಲಿ ಹಾಗಾಗಲಿಲ್ಲ. ಮತ್ತೆ ಇಪ್ಪತ್ತೆಂಟು ವರ್ಷ ಹೋಯಿತು. 1975ರಲ್ಲಿ ನಂದ್ಯಾಲ ಸಿಎಸ್‌ಐಗೆ ಸೇರಿತು, ತನ್ನದೇ ಡಯಾಸಿಸ್ ಆಗಿ. ಅದೇ ಸಿಎಸ್‌ಐ ಈಚಿನ ವರ್ಷಗಳಲ್ಲಿ ತನ್ನ ಪದಾಧಿಕಾರಿಗಳ ಆಯ್ಕೆಯ ಜಗಳಕ್ಕೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಬೇರೆ ಮಾತು. ಬೇರೆ ಎನ್ನುವುದೇಕೆ, ಅದೇ ಮಾತು: ಲಾಭದ ಪಾಲಿನ ಬಗ್ಗೆ ಅರಿಸ್ಟಾಟಲ್ ಎಚ್ಚರಿಸಿದ್ದು.

ಇನ್ನು ಒಟ್ಟಾಗಿ ಮಾಡುವ ಕೆಲಸದ ಮಾತು. ರೋಮ್ ಪಟ್ಟಣ ಕ್ರಿ.ಶ. 410ರಲ್ಲಿ ಲೂಟಿಯಾದ ಬಳಿಕ ಕ್ರೈಸ್ತ ಚಿಂತಕ ಅಗಸ್ಟೀನ್ ದೇವನಗರಿಯ ಬಗ್ಗೆ ಬರೆಯುತ್ತ, ಒಂದು ಜನಸಮುದಾಯವನ್ನು ಅಳೆಯುವುದು ಹೇಗೆ ಎಂದು ಕೇಳಿಕೊಂಡ. ಅವರೆಲ್ಲ ಸೇರಿ ಯಾವುದನ್ನು ಪ್ರೀತಿಸುತ್ತಾರೆ ನೋಡು, ಅಷ್ಟು ಸಾಕು ಎಂಬುದು ಅವನ ಉತ್ತರದ ಸಾರ. ಅನಂತಪುರ ಜಿಲ್ಲೆಯಲ್ಲಿ ಇದನ್ನು ಕಣ್ಣಾರೆ ನೋಡಲು ಅವಕಾಶ ಸಿಕ್ಕಿತು. ಸ್ಪೇನಿನಿಂದ ಕ್ಯಾಥೊಲಿಕ್ಕರ ಜೆಸ್ವಿಟ್ ಸಂಘದವರಾಗಿ ಬಂದು, ಆಮೇಲೆ ಆ ಸಂಘ ಬಿಟ್ಟು ಇಲ್ಲೇ ನೆಲೆಸಿದ ವಿನ್ಸೆಂಟ್ ಫೆರರ್ 1969ರಲ್ಲಿ ಈ ಬರದ ಸೀಮೆಯಲ್ಲಿ ಕೆಲಸ ಶುರುಮಾಡಿದರು, ಅದೇ ಆರ್‌ಡಿಟಿ, ಎಂದರೆ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್. ಕಲ್ಯಾಣದುರ್ಗದಲ್ಲಿ ಅದರದೊಂದು ಆಸ್ಪತ್ರೆಯಿದೆ. ಇದು ಸಭೆಯ ಸಂಸ್ಥೆಯಲ್ಲ, ಯಾವ ಪಕ್ಷದ್ದೂ ಅಲ್ಲ. 2025ರಲ್ಲಿ ಅದರ ವಿದೇಶಿ ದೇಣಿಗೆಯ ಪರವಾನಗಿ ನವೀಕರಣಕ್ಕೆ ತಡೆ ಬಿದ್ದಾಗ, ಹಿಂದಿನ ವರ್ಷ ಪರಸ್ಪರ ತೊಡೆ ತಟ್ಟಿದ್ದ ಪಕ್ಷಗಳ ಜನ ಅದನ್ನು ಉಳಿಸಿ ಎಂದು ಒಂದೇ ದನಿಯಲ್ಲಿ ಕೇಳಿದರು, ಬೀದಿಗೂ ಇಳಿದರು. ಯಾರೂ ಪಕ್ಷ ಬಿಡಲಿಲ್ಲ, ಯಾರೂ ಮತ ಬದಲಿಸಲಿಲ್ಲ, ‘ಮತ’ದ ಮೂರು ಅರ್ಥದಲ್ಲೂ. ಹೆರಿಗೆಗೆ ಹೋಗುವ ಆಸ್ಪತ್ರೆ ನಿಲ್ಲಬಾರದು ಎಂಬಲ್ಲಿ ಮನಸ್ಸು ಒಂದಾಯಿತು.

ಪಂಚಾಶತ್ತಮ ದಿನದ ಕಥೆಯಲ್ಲಿಯೂ ನಾವು ಸಾಮಾನ್ಯವಾಗಿ ದಾಟಿಬಿಡುವ ಒಂದು ವಿವರವಿದೆ. ಅಂದು ಯೆರೂಸಲೇಮಿನಲ್ಲಿ ನೆರೆದ ನಾನಾ ದೇಶದವರು ಒಂದೇ ಭಾಷೆ ಕಲಿಯಲಿಲ್ಲ. ಯೇಸುವಿನ ಶಿಷ್ಯರು ಆಡಿದ ಮಾತು ಪ್ರತಿಯೊಬ್ಬರಿಗೂ ಅವರವರ ಮನೆಮಾತಿನಲ್ಲೇ ಕೇಳಿಸಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ಗಡಿಯವರಿಗೆ ಇದರಲ್ಲಿ ಅಂಥ ಪವಾಡವೇನೂ ಕಾಣಲಿಕ್ಕಿಲ್ಲ.

ಆಂಧ್ರದ ಮುಂದಿನ ವಿಧಾನಸಭಾ ಚುನಾವಣೆ ಇರುವುದು 2029ಕ್ಕೆ. ನಿಮ್ಮದು ಯಾವ ಸಭೆಯಾದರೂ ಆಗಲಿ, ಅಷ್ಟರೊಳಗೆ ಒಂದು ಭಾನುವಾರ ಮಾಮೂಲಿ ಜಾಗ ಬಿಟ್ಟು, ಯಾರ ಪಕ್ಕ ಕೂರಲು ಮನಸ್ಸಿಲ್ಲವೋ ಅವರ ಪಕ್ಕ ಕೂತು ನೋಡಿ. ಸಮಾಧಾನ ಹಂಚುವ ಸರದಿ ಬಂದಾಗ ಕೈ ಅವರಿಗೇ ಕೊಡಬೇಕಾಗುತ್ತದೆ.