ಕಚ್ಚಿಕೊಂಡ ಕೊಳವೆ

ಕನ್ನಡ ಮೇಷ್ಟರಿಗೆ ಕೋವಿಯ ಸಹವಾಸವೇಕೆ ಎಂದು ಓದುಗರು ಕೇಳಿಯಾರು. ಹಳಗನ್ನಡ ಕಾವ್ಯಗಳ ಯುದ್ಧಪ್ರಸಂಗಗಳನ್ನು ಇಪ್ಪತ್ತು ವರ್ಷ ಆವೇಶದಿಂದಲೇ ಪಾಠ ಹೇಳಿದ್ದೇನೆ. ಆದರೆ ಆಯುಧವೆಂಬುದಕ್ಕೆ ಕೈ ಹಚ್ಚಿದ್ದು ಒಂದೇ ಸಲ. ಕೈ ಹಚ್ಚಿ ಕೆಡಿಸಿದ್ದೂ ಆ ಒಂದೇ ಸಲ.

ಕೊಡಗಿನಲ್ಲಿ ಕಾಫಿ ತೋಟವಿರುವ ಮಿತ್ರರೊಬ್ಬರು ಕೈಲ್ ಪೊಳ್ದ್ ಹಬ್ಬಕ್ಕೆ ಬಾ ಎಂದು ವರ್ಷ ವರ್ಷವೂ ಕರೆಯುತ್ತಿದ್ದರು. ಒಂದು ವರ್ಷ, ಹಬ್ಬಕ್ಕೆ ಎರಡು ದಿನ ಮುಂಚೆಯೇ ಹೋದೆ. ಸೆಪ್ಟೆಂಬರಿನ ಮೊದಲ ವಾರದಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ ಬರುವ ಆಯುಧಪೂಜೆ ಅದು. ಬೇಸಾಯದ ದಿನಗಳಲ್ಲಿ ಕನ್ನಿಕೊಂಬರೆಯಲ್ಲಿ ಇಟ್ಟ ಕೋವಿ ಕತ್ತಿಗಳನ್ನು ಅಂದು ಹೊರಕ್ಕೆ ತೆಗೆದು ಒರೆಸಿ, ತೋಕ್ ಪೂವಿನಿಂದ, ಎಂದರೆ ಅಗ್ನಿಶಿಖೆಯ ಹೂವಿನಿಂದ, ಸಿಂಗರಿಸುತ್ತಾರೆ. ಪೂಜೆಯಾದ ಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ.

ನಾನು ಹೋದಾಗ ಮಿತ್ರರು ಜಗಲಿಯಲ್ಲಿ ಕುಳಿತು ಕೋವಿಯ ನಳಿಗೆಯೊಂದನ್ನು ಮಾತ್ರ ಬಿಚ್ಚಿ ಮುಂದಿಟ್ಟುಕೊಂಡಿದ್ದರು. ಅವರ ತಂದೆಯ ಕಾಲದ ಜೋಡುನಳಿಗೆಯಲ್ಲ ಅದು, ಈಚಿನದು. ಚರೆ ಹಾರಿಸುವ ಕೋವಿಯ ನಳಿಗೆ ಬಾಯಿಯ ಬಳಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಇದಕ್ಕೆ ಚೋಕ್ ಎಂದು ಹೆಸರು. ಹನ್ನೆರಡರ ಕೋವಿಯ ನಳಿಗೆ ಸುಮಾರು ಹದಿನೆಂಟೂವರೆ ಮಿಲಿಮೀಟರ್ ಅಗಲ. ಬಾಯಿಯಲ್ಲಿ ಕಾಲು ಮಿಲಿಮೀಟರ್ ಕಿರಿದಾದರೆ ಚರೆ ಬೇಗ ಹರಡುತ್ತದೆ. ಒಂದು ಮಿಲಿಮೀಟರ್ ಕಿರಿದಾದರೆ ದೂರದವರೆಗೂ ಗುಂಪಾಗಿ ಹೋಗುತ್ತದೆ. ಹಳೆಯ ಕೋವಿಗಳಲ್ಲಿ ಇದನ್ನು ನಳಿಗೆಯಲ್ಲೇ ಕೊರೆದಿರುತ್ತಿದ್ದರು. ಹೊಸವುಗಳಲ್ಲಿ ಬೆರಳುದ್ದದ ತೆಳು ಕೊಳವೆಯೊಂದನ್ನು ತಿರುಪಿನ ಹಾಗೆ ಒಳಗೆ ಕೂರಿಸುತ್ತಾರೆ. ಬೇಕೆಂದಾಗ ಬದಲಿಸಬಹುದು, ಬಿಚ್ಚಲು ಬಂದರೆ.

ಇದು ಬಿಚ್ಚಲು ಬರುತ್ತಿರಲಿಲ್ಲ. ನಾಲ್ಕು ಮಳೆಗಾಲ ಅದನ್ನು ಯಾರೂ ಬಿಚ್ಚಿರಲಿಲ್ಲ. ಸಿಡಿಮದ್ದಿನ ಮಸಿ, ತೋಟಾದೊಳಗಿನ ಪ್ಲಾಸ್ಟಿಕ್ಕಿನ ಸವಕಲು, ಅದರ ಮೇಲೆ ಕೊಡಗಿನ ತೇವ. ಎಳೆಗಳ ಸಂದಿನಲ್ಲಿ ಇವೆಲ್ಲ ಸೇರಿ ಉಕ್ಕು ಉಕ್ಕನ್ನು ಕಚ್ಚಿಕೊಂಡಿತ್ತು. ಮೇಲೆ ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿತ್ತು. “ತಪ್ಪು ನನ್ನದೇ. ಎಳೆಗೆ ಒಂದಿಷ್ಟು ಗ್ರೀಸ್ ಹಚ್ಚಿ, ಒರೆಸಿದಾಗಲೆಲ್ಲ ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು” ಎಂದರು ಮಿತ್ರರು. ಬಳಿಕ ಸಂದಿಗಿಳಿಯುವ ತೆಳುವಾದ ಎಣ್ಣೆಯನ್ನು ಡಬ್ಬಿಯೊಂದಕ್ಕೆ ಸುರಿದು, ನಳಿಗೆಯನ್ನು ತಲೆಕೆಳಗಾಗಿ ಅದರಲ್ಲಿ ನಿಲ್ಲಿಸಿದರು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಆಗಾಗ ಹೊರಗಿನಿಂದ ಸುತ್ತುತ್ತಿದ್ದರು. ಬೆಂಕಿಯ ಜ್ವಾಲೆ ಹಿಡಿದರೆ ಬೇಗ ಆಗದೆ ಎಂದು ಕೇಳಿದೆ. ಉಕ್ಕಿನ ನೀಲಿಬಣ್ಣ ಹಾಳಾಗುತ್ತದೆ, ಬೆಸುಗೆ ಬಿಡಬಹುದು ಎಂದರು. ಸುತ್ತಿಗೆ, ಸ್ಕ್ರೂಡ್ರೈವರ್? ಕೊಳವೆಯ ಅಂಚಿನ ಕಚ್ಚು ಮುರಿಯುತ್ತದೆ. ಮತ್ತೇನು ದಾರಿ? “ಸುಮ್ಮನಿರುವುದು.”

ನನಗೆ ಈ ಮಾತು ವಿಚಿತ್ರವಾಗಿ ಕಂಡಿತು. ನಾಲ್ಕು ವರ್ಷ ಸುಮ್ಮನಿದ್ದುದರಿಂದ ಬಂದ ರೋಗಕ್ಕೆ ಎರಡು ದಿನ ಸುಮ್ಮನಿರುವುದೇ ಮದ್ದು! ತಾಳಿದವನು ಬಾಳಿಯಾನು ಎನ್ನುತ್ತೇವೆ. ಹಾಗಾದರೆ ನಾಲ್ಕು ವರ್ಷ ತಾಳಿದ ಕೊಳವೆ ಹಿಡಿದುಕೊಂಡದ್ದೇಕೆ? ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ: ನಳಿಗೆ ಒಂದು ಮೂಲೆಯಲ್ಲಿದೆ, ಯಾರೂ ಮುಟ್ಟುತ್ತಿಲ್ಲ. ಆದರೆ ಡಬ್ಬಿಯಲ್ಲಿ ನಿಂತ ನಳಿಗೆಯ ಕಡೆಗೆ ಮಿತ್ರರ ಗಮನ ಸದಾ ಇತ್ತು. ಊಟದ ನಡುವೆ ಎದ್ದು ನೋಡಿ ಬರುತ್ತಿದ್ದರು. ಮುಂಚಿನ ನಾಲ್ಕು ವರ್ಷಗಳಲ್ಲಿ ಆ ಕೊಳವೆ ಅವರ ಮನಸ್ಸಿನಲ್ಲೇ ಇರಲಿಲ್ಲ. ಮನುಷ್ಯರ ನಡುವೆಯೂ ಈ ಗೊಂದಲವುಂಟು. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಯಲ್ಲಿ “ಕಾಲವೇ ಸರಿಮಾಡುತ್ತದೆ” ಎನ್ನುವವರನ್ನು ನೋಡಿದ್ದೇನೆ. ಕಾಲವೇನು ಮಾಡೀತು? ಎಣ್ಣೆ ಹಾಕಿಟ್ಟಲ್ಲಿ ಕಾಲ ಎಣ್ಣೆಗೆ ಕೆಲಸ ಮಾಡುತ್ತದೆ, ಹಾಕದಲ್ಲಿ ತುಕ್ಕಿಗೆ.

ಇಷ್ಟೆಲ್ಲ ಯೋಚಿಸಿದವನು ಮರುದಿನ ಮಧ್ಯಾಹ್ನ ಮಾಡಿದ್ದೇನು? ಮಿತ್ರರು ತೋಟಕ್ಕೆ ಹೋಗಿದ್ದರು. ಚೋಕ್ ತಿರುಗಿಸುವ ಪಾನೆ ಮೇಜಿನ ಮೇಲಿತ್ತು. ಒಮ್ಮೆ ನೋಡೋಣವೆನಿಸಿತು. ನಳಿಗೆಯನ್ನು ತೊಡೆಯ ನಡುವೆ ಅವುಚಿ, ಪಾನೆ ಕೂರಿಸಿ ಬಲವಾಗಿ ತಿರುಗಿಸಿದೆ. ನಂಬುವಿರೋ ಇಲ್ಲವೋ, ಅದು ಅಲುಗಿತು! ಕಾಲು ಸುತ್ತು ಬಂತು. ಆ ಗೆಲುವಿನಲ್ಲಿ ಇನ್ನಷ್ಟು ಬಲ ಹಾಕಿದೆ. ಪಾನೆ ಜಾರಿತು, ಟಕ್ಕೆಂದು ಕಚ್ಚಿನ ಒಂದು ತುಣುಕು ಹಾರಿಹೋಯಿತು, ಕೊಳವೆ ಮತ್ತೆ ಕಚ್ಚಿಕೊಂಡಿತು. ತುಣುಕನ್ನು ಜೇಬಿಗೆ ಹಾಕಿಕೊಂಡು ನಳಿಗೆಯನ್ನು ಇದ್ದ ಹಾಗೆಯೇ ಎಣ್ಣೆಯಲ್ಲಿ ನಿಲ್ಲಿಸಿದೆ.

ಅಂದಿನ ರಾತ್ರಿ ಊಟಕ್ಕೆ ಕುಳಿತಾಗ ಮಿತ್ರರು ನಿರಾಳವಾಗಿ ಹೇಳಿದರು: “ಬಾರದಿದ್ದರೆ ಬಿಡು. ಒಳಗೆ ಬಿಗಿಯಾಗಿ ಕೂತಿದೆಯಲ್ಲ, ನಾಳೆ ಹಾಗೆಯೇ ಹೊಡೆಯುತ್ತೇನೆ. ಸಡಿಲವಾಗಿದ್ದರೆ ಮಾತ್ರ ಹೆದರಬೇಕು.” ಯಾಕೆಂದೆ. ಕೊಳವೆ ಸಡಿಲವಾದರೆ ಅದರ ಹಿಂದಿನ ತೆಳು ಅಂಚಿಗೂ ನಳಿಗೆಗೂ ಸಂದು ಬಿಡುತ್ತದೆ, ಉರಿಗಾಳಿ ಅಲ್ಲಿಗೆ ನುಗ್ಗುತ್ತದೆ, ಚರೆ ಅಂಚಿಗೆ ತಗಲಬಹುದು. ಕೊಳವೆ ಉಬ್ಬೀತು, ನಳಿಗೆಯ ಬಾಯಿಯೇ ಸೀಳೀತು. ಅನ್ನ ಕಲಸುತ್ತ ಇಷ್ಟನ್ನೂ ವಿವರಿಸಿದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆದರೂ ಬಾಯಿ ಬಿಡಲಿಲ್ಲ.

ಏಕೆ ಬಿಡಲಿಲ್ಲ? ಮಕ್ಕಳೆದುರಿಗೆ ಅವಮಾನವೆಂದು. ಬೆಳಿಗ್ಗೆ ಹೇಳಿದರಾಯಿತೆಂದು. ನಾಳೆ ಅವರೇ ಎಣ್ಣೆಯಿಂದ ತೆಗೆದಾಗ ಕಂಡುಕೊಳ್ಳುತ್ತಾರೆಂದು. ಒಂದಕ್ಕೊಂದು ಹೊಂದದ ಈ ಕಾರಣಗಳನ್ನೆಲ್ಲ ಹಾಸಿಗೆಯಲ್ಲಿ ಹೊರಳುತ್ತ ಪೋಣಿಸಿದೆ. ತಾಳ್ಮೆಯ ಬಗ್ಗೆ ಅಷ್ಟು ಚೆಂದವಾಗಿ ಚಿಂತಿಸಿದವನಿಗೆ ಈ ತನ್ನ ಸುಮ್ಮನಿರುವಿಕೆಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಹೋಯಿತು. ಅಲಕ್ಷ್ಯವಂತೂ ಅಲ್ಲ, ರಾತ್ರಿಯೆಲ್ಲ ಬೇರೊಂದು ಯೋಚನೆಯಿಲ್ಲ. ಗಮನವಿದ್ದರೆ ಸಾಕು, ಸುಮ್ಮನಿರುವುದು ತಾಳ್ಮೆಯಾಗುತ್ತದೆ ಎಂದು ಹಿಂದಿನ ದಿನ ಕಟ್ಟಿದ್ದ ನನ್ನ ಸಿದ್ಧಾಂತವೂ ಅಲ್ಲಿಗೆ ಬಿತ್ತು. ಮಿತ್ರರು ಕಾದದ್ದು ನಳಿಗೆಗಾಗಿ. ನಾನು ಕಾದದ್ದು ನನಗಾಗಿ.

ಕೊಡವರಿಗೆ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದರ ಹಿಂದೆ ಒಂದು ಜನದ ಮೇಲಿಟ್ಟ ದೊಡ್ಡ ನಂಬಿಕೆಯಿದೆ. ಆ ನಂಬಿಕೆಯ ಮನೆಯಲ್ಲಿ ಅತಿಥಿಯಾಗಿ ಬಂದವನು ನಾನು ಮಾಡಿದ ಕೆಲಸ ಇದು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಮಿತ್ರರು ನಳಿಗೆಯನ್ನು ಒರೆಸಿ, ಕೋವಿಗೆ ಜೋಡಿಸಿ, ಉಳಿದವುಗಳ ಜತೆ ಸಾಲಾಗಿ ನಿಲ್ಲಿಸಿಬಿಟ್ಟಿದ್ದರು. ಬಾಯಲ್ಲಿ ಕೆಂಪು ಹಳದಿಯ ತೋಕ್ ಪೂ. ಮುರಿದ ಕಚ್ಚು ಹೂವಿನಡಿ ಮುಚ್ಚಿಹೋಗಿತ್ತು. ಅವರನ್ನು ಅಂಗಳದ ಮೂಲೆಗೆ ಕರೆದು ಜೇಬಿನ ತುಣುಕನ್ನು ಅಂಗೈಗೆ ಹಾಕಿ, ಕಾಲು ಸುತ್ತು ಬಂದಿದ್ದನ್ನೂ ಹೇಳಿದೆ.

ಅವರು ಬಹಳ ಹೊತ್ತು ಆ ತುಣುಕನ್ನೇ ನೋಡಿದರು. “ರಾತ್ರಿಯೇ ಹೇಳಬೇಕಿತ್ತು” ಎಂದಷ್ಟೇ ಅಂದರು. ಆಮೇಲೆ ಒಳಗೆ ಹೋಗಿ ಹೂ ತೆಗೆದು, ದೀಪ ಹಿಡಿದು ನೋಡಿ, ಹೂವನ್ನು ಮತ್ತೆ ಅಲ್ಲಿಯೇ ಇಟ್ಟರು. ಪೂಜೆ ಎಲ್ಲ ಕೋವಿಗಳಿಗೂ ಆಯಿತು. ಪಂದ್ಯಕ್ಕೆ ಮಾತ್ರ ಅವರು ತಂದೆಯ ಹಳೆಯ ಜೋಡುನಳಿಗೆಯನ್ನು ಎತ್ತಿಕೊಂಡರು. ಎರಡು ಸಲವೂ ತೆಂಗಿನಕಾಯಿ ತಪ್ಪಿತು. ಪಕ್ಕದ ಮನೆಯ ಹುಡುಗಿಯೊಬ್ಬಳು ಮೊದಲ ಏಟಿಗೇ ಒಡೆದಳು.

ಕೊಳವೆಯನ್ನು ಕೊನೆಗೆ ಕೋವಿ ರಿಪೇರಿಯವರು ಒಳಗಿನಿಂದ ಉದ್ದಕ್ಕೆ ಸೀಳಿ, ಒಳಮುಖವಾಗಿ ಮಡಚಿ ಹೊರತೆಗೆದರಂತೆ. ನಳಿಗೆಯ ಎಳೆಗಳಿಗೆ ಏನೂ ಆಗಿರಲಿಲ್ಲವೆಂದು ಮಿತ್ರರು ಕಾಗದ ಬರೆದರು. ಖರ್ಚು ಎಷ್ಟಾಯಿತೆಂದು ಎರಡು ಸಲ ಕೇಳಿದೆ, ಹೇಳಲಿಲ್ಲ. ಮುಂದಿನ ಹಬ್ಬಕ್ಕೆ ಬಾ ಎಂದು ಬರೆದಿದ್ದರು.